ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾಂಟಾ ಕ್ಲಾರಾ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಮನೆ ಬದಲಿಸುವ ಮೊದಲು ಅಲ್ಲಿನ ಇತಿಹಾಸ, ಭೂಗೋಳ, ಜನಸಂಖ್ಯೆ ಬಗ್ಗೆ ಏನೇನು ತಿಳಿದಿರಬೇಕು?

ಪಾಲೊ ಆಲ್ಟೊದಲ್ಲಿ ಕೆಲಸ ಸಿಕ್ಕಿದೆ, ಅದೇ ಕೌಂಟಿಯಲ್ಲಿ ಬಾಡಿಗೆ ಕಡಿಮೆ ಇರುವ ಕಡೆ ಮನೆ ಹಿಡಿಯುತ್ತೇನೆ ಅಂದಿದ್ದೀರಿ. ನಾನೂ ಹಾಗೇ ಹೊರಟಿದ್ದೆ. ದಯವಿಟ್ಟು ಬೇಡ.

ನಾನು ಗಿಲ್ರಾಯ್‌ನಲ್ಲಿ ಮನೆ ಹಿಡಿದೆ. ಮನೆ ದೊಡ್ಡದು, ಬಾಡಿಗೆ ಕಡಿಮೆ, ಕೌಂಟಿಯೂ ಅದೇ, ಇನ್ನೇನು ಬೇಕು ಅನ್ನಿಸಿತ್ತು. ಕೌಂಟಿಯ ವಿಸ್ತೀರ್ಣ ಸುಮಾರು 3,300 ಚದರ ಕಿಲೋಮೀಟರ್ ಅಂತ ಓದಿದ್ದೆ. ಅದು ನಮ್ಮ ಬೆಂಗಳೂರು ನಗರ ಜಿಲ್ಲೆಯ ಒಂದೂವರೆ ಪಟ್ಟು ಅಂತ ಮಾತ್ರ ಲೆಕ್ಕ ಹಾಕಿರಲಿಲ್ಲ. ಪಾಲೊ ಆಲ್ಟೊ ವಾಯವ್ಯದ ತುದಿಯಲ್ಲಿದೆ, ಗಿಲ್ರಾಯ್ ದಕ್ಷಿಣದ ತುದಿಯಲ್ಲಿ. ನಡುವೆ ಸುಮಾರು 80 ಕಿಲೋಮೀಟರ್.

ದೂರ ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ನಾನು ನೋಡದೇ ಬಿಟ್ಟದ್ದು ಬೆಟ್ಟಗಳನ್ನು. ಪಶ್ಚಿಮಕ್ಕೆ ಸ್ಯಾಂಟಾ ಕ್ರೂಜ್ ಬೆಟ್ಟಸಾಲು, ಪೂರ್ವಕ್ಕೆ ಡಿಯಾಬ್ಲೊ ಬೆಟ್ಟಸಾಲು. ಕೌಂಟಿಯ ದೊಡ್ಡ ಊರಾದ ಸ್ಯಾನ್ ಹೋಸೆಯ ದಕ್ಷಿಣಕ್ಕೆ, ಕಯೋಟಿ ಕಣಿವೆಯ ಹತ್ತಿರ, ಇವೆರಡೂ ಒತ್ತಿಕೊಂಡು ಬರುತ್ತವೆ. ಗಿಲ್ರಾಯ್, ಮಾರ್ಗನ್ ಹಿಲ್ ಕಡೆಯಿಂದ ಬರುವ ಕಾರುಗಳೆಲ್ಲ ಆ ಕಿರಿದಾದ ಜಾಗದಲ್ಲೇ ನುಗ್ಗಬೇಕು. 101 ಹೆದ್ದಾರಿ ನಿಂತಿತು ಅಂತ ಪಕ್ಕದ ಮಾಂಟೆರೇ ರಸ್ತೆಗೆ ಇಳಿದರೆ ಅಲ್ಲೂ ಅದೇ ಸಾಲು. ಗಿಲ್ರಾಯ್‌ಗೆ ರೈಲೂ ಇದೆ, ಆದರೆ ಬೆರಳೆಣಿಕೆಯಷ್ಟು. ಮಗಳು ಎದ್ದಿರುವಾಗ ನಾನು ಮನೆಯಲ್ಲಿ ಇರುತ್ತಿದ್ದದ್ದು ಶನಿವಾರ, ಭಾನುವಾರ ಮಾತ್ರ. ಕೊನೆಗೆ ಬಾಡಿಗೆ ಕರಾರು ಮುರಿದು, ಎರಡು ತಿಂಗಳ ಬಾಡಿಗೆ ದಂಡ ಕಟ್ಟಿ, ಪಾಲೊ ಆಲ್ಟೊಗೆ ಹತ್ತಿರದ ಸನ್ನಿವೇಲ್‌ಗೆ ಬಂದೆವು. ಆ ದುಡ್ಡು ಹೋದದ್ದಕ್ಕಿಂತ ಮಗಳ ಜೊತೆ ಕಳೆಯಬೇಕಾದ ಸಂಜೆಗಳು ಹೋದದ್ದು ನನಗೆ ಇವತ್ತಿಗೂ ಬೇಸರ.

ಅದಕ್ಕೇ ಹೇಳುತ್ತೇನೆ, ಕೌಂಟಿಯ ಸರಾಸರಿ ಅಂಕಿಗಳಿಂದ ನಿಮಗೆ ಉಪಯೋಗವಿಲ್ಲ. 2020ರ ಜನಗಣತಿಯಲ್ಲಿ ಇಲ್ಲಿ ಇದ್ದವರು ಸುಮಾರು 19.36 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸ್ಯಾನ್ ಹೋಸೆ ಒಂದೇ ಊರಿನಲ್ಲಿದ್ದಾರೆ. ಪೂರ್ವದ ಬೆಟ್ಟಗಳಲ್ಲಿ ಮೈಲಿಗಟ್ಟಲೆ ಹೋದರೂ ಮನೆ ಸಿಗುವುದಿಲ್ಲ. ಹೀಗಿರುವಾಗ ಚದರ ಕಿಲೋಮೀಟರಿಗೆ ಇಷ್ಟು ಜನ ಅನ್ನುವ ಲೆಕ್ಕ ಯಾವ ಬೀದಿಗೆ ಹೊಂದುತ್ತದೆ ಹೇಳಿ? ಹತ್ತರಲ್ಲಿ ಸುಮಾರು ನಾಲ್ಕು ಜನ ಏಷ್ಯಾ ಮೂಲದವರು ಅನ್ನುವುದೂ ಹಾಗೆಯೇ. ಕ್ಯುಪರ್ಟಿನೊ, ಸನ್ನಿವೇಲ್‌ನಲ್ಲಿ ನಮ್ಮವರು ತುಂಬಾ ಇದ್ದಾರೆ, ಸ್ಯಾನ್ ಹೋಸೆಯ ಪೂರ್ವಭಾಗದಲ್ಲಿ ವಿಯೆಟ್ನಾಂನವರು ತುಂಬಾ ಇದ್ದಾರೆ, ಗಿಲ್ರಾಯ್‌ನಲ್ಲಿ ಮೆಕ್ಸಿಕೊ ಮೂಲದವರು.

ಇತಿಹಾಸ ಬೇಕೇ ಬೇಕು ಅಂದರೆ ನೀರಿನ ಕಡೆಯಿಂದ ಓದಿ. ಇದು ಓಲೋನಿ ಅನ್ನುವ ಮೂಲನಿವಾಸಿ ಜನರ ನೆಲ, 1777ರಲ್ಲಿ ಸ್ಪೇನಿನವರು ಬಂದು ನೆಲೆಯೂರಿದರು, 1850ರಲ್ಲಿ ಕ್ಯಾಲಿಫೋರ್ನಿಯಾದ ಮೊದಲ 27 ಕೌಂಟಿಗಳಲ್ಲಿ ಒಂದಾಯಿತು, ಇಷ್ಟು ಎಲ್ಲ ಕಡೆ ಸಿಗುತ್ತದೆ. ಕಂಪ್ಯೂಟರ್ ಕಂಪನಿಗಳು ಬರುವ ಮೊದಲು ಇಲ್ಲಿ ಪ್ರೂನ್, ಏಪ್ರಿಕಾಟ್ ತೋಟಗಳಿದ್ದವು. ತೋಟಕ್ಕೆ ಬಾವಿಗಳಿಂದ ನೀರೆತ್ತಿದರು, ಆಮೇಲೆ ಬೆಳೆಯುವ ಊರುಗಳಿಗೂ ಎತ್ತಿದರು. 1950ರಲ್ಲಿ 2.9 ಲಕ್ಷ ಇದ್ದ ಜನ 1970ಕ್ಕೆ 10.6 ಲಕ್ಷ ಆದರು. ಅಂತರ್ಜಲ ಇಳಿದಂತೆ ಒಳಗಿನ ಜೇಡಿಮಣ್ಣು ಕುಗ್ಗಿ ನೆಲವೇ ಕೆಳಗೆ ಹೋಯಿತು. ಸ್ಯಾನ್ ಹೋಸೆ ಪೇಟೆಯ ಜಾಗ ಸುಮಾರು 13 ಅಡಿ ಇಳಿದಿದೆ! ಹೊರಗಿನಿಂದ ನೀರು ತಂದು, ಕೆರೆಗಳಂಥ ಹೊಂಡಗಳಲ್ಲಿ ಇಂಗಿಸಿ, 1960ರ ದಶಕದ ಕೊನೆಗೆ ನೆಲ ಇಳಿಯುವುದನ್ನು ನಿಲ್ಲಿಸಿದರು. ಇಳಿದ ನೆಲ ಮತ್ತೆ ಏಳಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಂಚಿನ ಅಲ್ವಿಸೊ ಈಗಲೂ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಬೋರ್‌ವೆಲ್ ನಂಬಿ ಬದುಕುವ ನಮ್ಮ ಊರಿನವರು ಇದನ್ನು ಓದಲೇಬೇಕು ಅಂತ ನನ್ನ ಅಭಿಪ್ರಾಯ.

ಅಲ್ವಿಸೊ ಕಡೆ ಮನೆ ನೋಡುವುದಾದರೆ ಮೊದಲು ಪ್ರವಾಹದ ನಕ್ಷೆ ನೋಡಿ. ಆದರೆ ಪಾಲೊ ಆಲ್ಟೊ ಕೆಲಸಕ್ಕೆ ಮೌಂಟನ್ ವ್ಯೂ ಅಥವಾ ಸನ್ನಿವೇಲ್‌ನಲ್ಲಿ, ಕ್ಯಾಲ್‌ಟ್ರೇನ್ ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಇರುವುದೇ ಸರಿ. ಮನೆ ಚಿಕ್ಕದಾಗಲಿ, ಪರವಾಗಿಲ್ಲ. ಸಹಿ ಹಾಕುವ ಮೊದಲು ಯಾವುದಾದರೂ ಮಂಗಳವಾರ ಭಾರತದ ಸಮಯ ರಾತ್ರಿ ಎಂಟಕ್ಕೆ ಆ ಮನೆಯಿಂದ ಆಫೀಸಿಗೆ ದಾರಿ ಎಷ್ಟು ಹೊತ್ತು ಅಂತ ಮ್ಯಾಪಿನಲ್ಲಿ ನೋಡಿ. ಬೇಸಿಗೆಯಲ್ಲಾದರೆ ಆಗ ಅಲ್ಲಿ ಬೆಳಗ್ಗೆ ಏಳೂವರೆ.