ಹಳೆಯ ಲ್ಯಾಪ್‌ಟಾಪ್ ಮಾರುವ ಮುನ್ನ

ಪ್ರಶ್ನೆ: ವಿಂಡೋಸ್ 10 ಇರುವ ನನ್ನ ಹಳೆಯ ಲ್ಯಾಪ್‌ಟಾಪನ್ನು ಮಾರಬೇಕೆಂದಿದ್ದೇನೆ. ಫೈಲುಗಳನ್ನೆಲ್ಲ ಅಳಿಸಿದ್ದೇನೆ. ಇಷ್ಟು ಸಾಕೆ?
– ಓದುಗರೊಬ್ಬರು, ವಿಜಯಪುರ

ಉತ್ತರ: ಖಂಡಿತ ಸಾಲದು. ಅಳಿಸಿದಾಗ ಹೋಗುವುದು ಫೈಲಿನ ವಿಳಾಸವಷ್ಟೇ. ಹಾರ್ಡ್ ಡಿಸ್ಕಿನ ಆ ಜಾಗದಲ್ಲಿ ಬೇರೇನಾದರೂ ಬರೆಯುವವರೆಗೆ ನಿಮ್ಮ ಆಧಾರ್ ಪ್ರತಿಯೂ ಮಕ್ಕಳ ಫೋಟೋಗಳೂ ಅಲ್ಲೇ ಉಳಿದಿರುತ್ತವೆ, ಅವನ್ನು ಮರಳಿ ತೆಗೆಯುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಬೇಕಾದುದನ್ನು ಬೇರೆಡೆ ನಕಲು ಮಾಡಿಕೊಂಡು, ಎಲ್ಲ ಖಾತೆಗಳಿಂದ ಸೈನ್ ಔಟ್ ಆಗಿ, ಚಾರ್ಜರ್ ಸಿಕ್ಕಿಸಿಟ್ಟು, ಸೆಟ್ಟಿಂಗ್ಸ್‌ನಲ್ಲಿರುವ ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವ್ರಿಥಿಂಗ್’ ಆರಿಸಿರಿ. ಅಳಿಸಿದ್ದನ್ನು ಸುಲಭವಾಗಿ ಮರಳಿ ತೆಗೆಯಲಾಗದಂತೆ ಡಿಸ್ಕನ್ನು ಒರೆಸುವ, ಅಲ್ಲಿಯೇ ಇರುವ ‘ಕ್ಲೀನ್ ಡೇಟಾ’ವನ್ನು ಆನ್ ಮಾಡಲು ಮರೆಯುವುದುಂಟು, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ, ಗಂಟೆಗಟ್ಟಲೆ ಹಿಡಿದರೂ ಕಾಯಿರಿ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಬದಲಿಸದೆ ಮಾರಬೇಡಿರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನೂ ಕೊಳ್ಳುವವರಿಗೆ ಮೊದಲೇ ತಿಳಿಸಿರಿ.