ನೀಲಿ ಪಂಪ್ ಒಂದೇ ಸಾಕೇ?

ಪ್ರಶ್ನೆ: ನಮ್ಮ ಯಜಮಾನರಿಗೆ 38 ವರ್ಷ. ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ತೊಗರಿ ಚೀಲ ಬಿಚ್ಚಿ ಸುರಿಯುವ ಕೆಲಸ ಮಾಡುತ್ತಾರೆ. ಕೆಲವು ವರ್ಷಗಳಿಂದ ದಮ್ಮು ಇದೆ. ವೈದ್ಯರು ಎರಡು ಪಂಪ್ ಬರೆದುಕೊಟ್ಟಿದ್ದಾರೆ. ನೀಲಿ ಪಂಪ್ ಎಳೆದ ಕೂಡಲೇ ಆರಾಮ ಎನಿಸುವುದರಿಂದ ಅದನ್ನಷ್ಟೇ ಬಳಸುತ್ತಾರೆ, ತಿಂಗಳಿಗೊಂದು ಮುಗಿಯುತ್ತದೆ. ಇನ್ನೊಂದರಲ್ಲಿ ಸ್ಟಿರಾಯ್ಡ್ ಇದೆ, ಚಟವಾಗುತ್ತದೆ ಎಂದು ಬಿಟ್ಟಿದ್ದಾರೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿದರೆ ಪಂಪೇ ಬೇಡ ಎನ್ನುವವರೂ ಇದ್ದಾರೆ. ಏನು ಮಾಡುವುದು?
– ಓದುಗರೊಬ್ಬರು, ಕಲಬುರಗಿ

ಉತ್ತರ: ನೀಲಿ ಪಂಪ್ ತಿಂಗಳಿಗೊಂದು ಮುಗಿಯುತ್ತದೆ ಎಂಬ ಮಾತೇ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದಿತು. ಅದರಲ್ಲಿರುವ ಸಾಲ್ಬುಟಮಾಲ್ ಶ್ವಾಸನಾಳದ ಸುತ್ತಲಿನ ಸ್ನಾಯುಗಳನ್ನು ನಾಲ್ಕಾರು ತಾಸು ಸಡಿಲಗೊಳಿಸುತ್ತದೆಯೇ ಹೊರತು ನಾಳದ ಒಳಪದರದ ಬಾವನ್ನು ಇಳಿಸುವುದಿಲ್ಲ. ಆ ಕೆಲಸ ಅವರು ಬಿಟ್ಟಿರುವ ಸ್ಟಿರಾಯ್ಡ್ ಪಂಪಿನದು. ಬಾವು ಒಳಗೊಳಗೇ ಹೆಚ್ಚುತ್ತಿದ್ದರೂ ಉಸಿರು ಸಲೀಸಾದಂತೆ ತೋರುವುದರಿಂದ ರೋಗಿ ಮೋಸಹೋಗುತ್ತಾನೆ. ವರ್ಷಕ್ಕೆ ಇಂಥ ಮೂರು ಪಂಪ್ ಖರ್ಚಾದರೇ ತೀವ್ರ ಉಬ್ಬಸದ ಅಪಾಯ ಹೆಚ್ಚೆಂದೂ, ಹನ್ನೆರಡು ಮುಟ್ಟಿದರೆ ಪ್ರಾಣಾಪಾಯದ ಸಂಭವವೂ ಹೆಚ್ಚೆಂದೂ ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ 'ಜಿನಾ' ಎಚ್ಚರಿಸುತ್ತದೆ.

ಈ ಎಚ್ಚರಿಕೆಯ ಹಿಂದೆ ದೀರ್ಘ ಸಂಶೋಧನೆಯಿದೆ. ಕೆನಡಾದ ಸ್ಯಾಮಿ ಸ್ವಿಸಾ ಮತ್ತು ಸಂಗಡಿಗರು ಸಸ್ಕ್ಯಾಚೆವಾನ್ ಪ್ರಾಂತದ ಔಷಧ ವಿತರಣೆಯ ದಾಖಲೆಗಳನ್ನು ಪರಿಶೀಲಿಸಿ, ವರ್ಷದಲ್ಲಿ ಬಳಸಿದ ಒಂದೊಂದು ಹೆಚ್ಚುವರಿ ಸ್ಟಿರಾಯ್ಡ್ ಪಂಪಿಗೂ ಅಸ್ತಮಾ ಸಾವಿನ ಪ್ರಮಾಣ ಶೇ. 21ರಷ್ಟು ಇಳಿಯುತ್ತದೆಂದು 2000ದಲ್ಲಿ ಪ್ರಕಟಿಸಿದರು. ಅದೇ ದೇಶದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಪಾಲ್ ಓಬರ್ನ್ ನೇತೃತ್ವದ 'ಸಿಗ್ಮಾ-1' ಅಧ್ಯಯನ 2018ರಲ್ಲಿ ಬಂದಿತು. ಸೌಮ್ಯ ಅಸ್ತಮಾ ಇದ್ದ 3,849 ಜನರನ್ನು ಒಂದು ವರ್ಷ ಗಮನಿಸಿದಾಗ, ಉಬ್ಬಸ ಬಂದಾಗ ಸ್ಟಿರಾಯ್ಡ್ ಬೆರೆತ ಬುಡೆಸೊನೈಡ್-ಫಾರ್ಮೊಟೆರಾಲ್ ಪಂಪ್ ಎಳೆದವರಲ್ಲಿ ತೀವ್ರ ಉಲ್ಬಣಗಳು, ಸಾಲ್ಬುಟಮಾಲ್ ಜಾತಿಯದೇ ಆದ ಟೆರ್ಬುಟಲಿನ್ ಒಂದನ್ನೇ ಎಳೆದವರಿಗಿಂತ ಶೇ. 64ರಷ್ಟು ಕಡಿಮೆಯಿದ್ದವು. ಮರುವರ್ಷ, 2019ರಲ್ಲಿ, ದೊಡ್ಡವರಿಗೂ ಹದಿಹರೆಯದವರಿಗೂ ನೀಲಿ ಪಂಪ್ ಒಂದನ್ನೇ ಕೊಡುವ ಪದ್ಧತಿಯನ್ನು ಜಿನಾ ಕೈಬಿಟ್ಟಿತು. ಆದರೆ ತಿಂಗಳಿಗೊಂದು ಪಂಪ್ ಬೇಕಾಗುವ ನಿಮ್ಮವರ ಕಾಯಿಲೆ ಸೌಮ್ಯವೆಂದು ನನಗೆ ಅನಿಸುವುದಿಲ್ಲ. ಅವರಿಗೆ ಸ್ಟಿರಾಯ್ಡ್ ಪಂಪ್ ದಿನವೂ ಬೇಕಾದೀತು. ಯಾವುದು, ಎಷ್ಟು ಎಂಬುದನ್ನು ಸ್ಪೈರೊಮೆಟ್ರಿ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಮಾಡಿಸಿ ವೈದ್ಯರೇ ನಿರ್ಧರಿಸಲಿ.

ಚಟದ ಭಯ ಬೇಡ. ಪಂಪಿನ ಸ್ಟಿರಾಯ್ಡನ್ನು ಮೈಕ್ರೋಗ್ರಾಂಗಳಲ್ಲಿ ಅಳೆಯುತ್ತಾರೆ. ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ ಬುಡೆಸೊನೈಡ್ ಕಡಿಮೆ ಪ್ರಮಾಣವೆನಿಸುತ್ತದೆ. ಉಬ್ಬಸ ಮಿತಿಮೀರಿದಾಗ ನುಂಗಬೇಕಾಗುವ ಪ್ರೆಡ್ನಿಸೊಲೋನ್ ಮಾತ್ರೆಯಾದರೋ 5 ಮಿಲಿಗ್ರಾಂನದು ಒಂದೇ 5,000 ಮೈಕ್ರೋಗ್ರಾಂ, ಅಂಥ ಎಂಟನ್ನು ದಿನವೂ ಕೊಡುವುದುಂಟು! ಪಂಪಿಗೆ ಹೆದರಿದವರು ಕೊನೆಗೆ ಈ ಮಾತ್ರೆಗೇ ಬಂದು ನಿಲ್ಲುತ್ತಾರೆ. ಪಂಪ್ ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ಒತ್ತುತ್ತಲೇ ನಿಧಾನವಾಗಿ ಒಳಗೆಳೆದು ಹತ್ತು ಸೆಕೆಂಡು ಹಿಡಿದಿಡಬೇಕು. ಪಂಪಿನ ಬಾಯಿಗೆ ಜೋಡಿಸುವ ಕೊಳವೆಯಂಥ ಸ್ಪೇಸರ್ ಇದ್ದರೆ ಇನ್ನೂ ಉತ್ತಮ. ಬಾಯಲ್ಲಿ ಬಿಳಿ ಹುಣ್ಣು ಏಳದಂತೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಮೀನಿನ ಮದ್ದಿಗೆ ವೈಜ್ಞಾನಿಕ ಪರೀಕ್ಷೆಯ ಆಧಾರವಿಲ್ಲ. ನಂಬಿಕೆಯಿಂದ ಹೋಗಿಬರುವವರನ್ನು ನಾನು ತಡೆಯಲಾರೆ, ಆದರೆ ಅದನ್ನು ನೆಚ್ಚಿ ಪಂಪ್ ನಿಲ್ಲಿಸಬಾರದು. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ ಅಥವಾ ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಮಿಲ್ಲಿನ ಧೂಳು. ತೊಗರಿ ಚೀಲ ಬಿಚ್ಚಿದಾಗ ರೆಪ್ಪೆಗೂದಲ ಮೇಲೆ ಕೂರುವ ಆ ಹೊಟ್ಟಿನ ಪುಡಿ ಶ್ವಾಸನಾಳವನ್ನೂ ಕೆರಳಿಸಬಲ್ಲದು, ಮೂಗಿಗೆ ಸುತ್ತಿದ ಟವೆಲ್ ಅದನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಖಗವಸು ಬೇಕು. ರಜೆಯಲ್ಲಿ ಉಸಿರು ಹಗುರಾಗಿ ಕೆಲಸಕ್ಕೆ ಮರಳಿದಾಗ ಬಿಗಿಯುತ್ತದೆಯೇ ಎಂಬುದು ಮುಖ್ಯ. ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆಂದು ಅಳೆಯುವ ಪೀಕ್ ಫ್ಲೋ ಮೀಟರ್ ತಂದು, ಕೆಲಸದ ದಿನಗಳಲ್ಲೂ ರಜೆಯಲ್ಲೂ ದಿನಕ್ಕೆ ನಾಲ್ಕು ಬಾರಿ ಊದಿಸಿ, ಎರಡು ಮೂರು ವಾರದ ಅಂಕಿಗಳನ್ನು ವೈದ್ಯರಿಗೆ ತೋರಿಸಿ. ವ್ಯತ್ಯಾಸ ಸ್ಪಷ್ಟವಾಗಿದ್ದರೆ, ಚೀಲ ಸುರಿಯುವ ಜಾಗದಿಂದ ತೂಕದ ಕಡೆಗೋ ಬೇರೆಡೆಗೋ ಬದಲಿಸುವಂತೆ ಮಾಲೀಕರನ್ನು ಕೇಳಲು ವೈದ್ಯರ ಚೀಟಿ ನಿಮ್ಮ ಕೈಯಲ್ಲಿರುತ್ತದೆ.