ಪುಡಿ ಬೆರೆಸಿದರೆ ಲೋಹ ಗಟ್ಟಿಯಾಗುವುದು ಹೇಗೆ?

ಪ್ರಶ್ನೆ: ನಮ್ಮದು ಸಣ್ಣ ಫೌಂಡ್ರಿ. ಎರಕದೊಳಗೆ ಒಂದು ಕಾಳು ಮರಳು ಉಳಿದರೂ ಮಾಲು ವಾಪಸು ಬರುತ್ತದೆ ಎಂದು ಅಪ್ಪ ಎಚ್ಚರಿಸುತ್ತಾರೆ. ಹಾಗಿರುವಾಗ ಲೋಹದ ಪುಡಿಗೆ ಬೇಕೆಂದೇ ಸೆರಾಮಿಕ್ ಬೆರೆಸಿ ಲೇಸರ್‌ನಿಂದ ತ್ರೀಡಿ ಮುದ್ರಣ ಮಾಡುತ್ತಾರಂತೆ. ಅದು ಗಟ್ಟಿಯಾಗುವುದು ಹೇಗೆ? ಕಾಲೇಜಿನ ಪ್ರಾಜೆಕ್ಟ್‌ಗೆ ಅಲ್ಯೂಮಿನಿಯಂನಲ್ಲಿ ಪ್ರಯತ್ನಿಸಬಹುದೇ?
– ಮೆಕ್ಯಾನಿಕಲ್ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಅಪ್ಪ ಹೇಳುವುದು ನೂರಕ್ಕೆ ನೂರು ಸರಿ. ಫೌಂಡ್ರಿಯ ಗುಣಮಟ್ಟ ವಿಭಾಗದಲ್ಲೇ ನಾನು ಕೂದಲು ನರೆಸಿಕೊಂಡವನು. ಮುರಿದ ಎರಕವನ್ನು ಭೂತಗನ್ನಡಿಯಡಿ ಹಿಡಿದರೆ, ಬಿರುಕು ಹೊರಟ ಜಾಗದಲ್ಲಿ ಎಷ್ಟೋ ಸಲ ಮರಳಿನ ಕಾಳೋ ಕಿಟ್ಟದ ಚೂರೋ ಕುಳಿತಿರುತ್ತಿತ್ತು. ಆದರೆ ನೀವು ಕೇಳಿದ ಕಣ ಆ ಕಾಳಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದು. ಗಾತ್ರ ಅಷ್ಟು ಇಳಿದಾಗ ಅದರ ಗುಣವೇ ಬೇರೆ. ಲೋಹ ಬಾಗುವಾಗ ಅದರ ಪರಮಾಣುಗಳ ಸಾಲಿನಲ್ಲಿರುವ ದೋಷರೇಖೆಗಳು ಸರಿಯುತ್ತವೆ. ದಾರಿಯಲ್ಲಿ ಒತ್ತೊತ್ತಾಗಿ ಗಟ್ಟಿ ಕಣಗಳಿದ್ದರೆ ಆ ರೇಖೆಗಳು ತಡೆದು ನಿಂತು, ಬಳಸಿಕೊಂಡು ಹೋಗಬೇಕಾಗುತ್ತದೆ. ಹಾಗಾಗಿ ಲೋಹವನ್ನು ಬಾಗಿಸಲು ಹೆಚ್ಚು ಬಲ ಬೇಕು.

ನಾನು ತುಂಬ ಮೆಚ್ಚಿದ ಉದಾಹರಣೆ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾದ ಗ್ಲೆನ್ ಕೇಂದ್ರದ್ದು. ಅಲ್ಲಿ ಟಿಮ್ ಸ್ಮಿತ್ ಮತ್ತು ಸಂಗಡಿಗರು ರೂಪಿಸಿದ ಮಿಶ್ರಲೋಹದ ಹೆಸರು ಜಿಆರ್‌ಎಕ್ಸ್-810. ವಿವರ 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ನಿಕ್ಕಲ್, ಕೋಬಾಲ್ಟ್, ಕ್ರೋಮಿಯಂ ಅದರ ಮುಖ್ಯ ಲೋಹಗಳು. ತೂಕದಲ್ಲಿ ಶೇಕಡ 1ರಷ್ಟು ಮಾತ್ರ ಯಿಟ್ರಿಯಾ ಎಂಬ ಸೆರಾಮಿಕ್ ಆಕ್ಸೈಡ್. ಲೋಹದ ಪುಡಿಯನ್ನೂ ನ್ಯಾನೋ ಯಿಟ್ರಿಯಾವನ್ನೂ ಒಂದೇ ಡಬ್ಬಿಯಲ್ಲಿ ವೇಗವಾಗಿ ಕಂಪಿಸಿದರೆ ಪ್ರತಿ ಲೋಹಕಣದ ಮೈಗೂ ಆಕ್ಸೈಡ್ ತೆಳುವಾಗಿ ಮೆತ್ತಿಕೊಳ್ಳುತ್ತದೆ. ಹಿಂದೆ ಇದಕ್ಕೆ ಗುಂಡುಗಳ ಗಿರಣಿಯಲ್ಲಿ ಗಂಟೆಗಟ್ಟಲೆ ಅರೆಯಬೇಕಿತ್ತು. 1,093 ಡಿಗ್ರಿ ಸೆಲ್ಸಿಯಸ್‌ನಲ್ಲಿ ಭಾರ ಹೊತ್ತು ತಾಳುವ ಅವಧಿ ಬಳಕೆಯ ನಿಕ್ಕಲ್ ಮಿಶ್ರಲೋಹಗಳಿಗಿಂತ 1,000 ಪಟ್ಟಿಗೂ ಮಿಗಿಲು! ಆ ಲೋಹಗಳಿಗೆ ಬಲ ಕೊಡುವ ಒಳಕಣಗಳು ಅಂಥ ಶಾಖದಲ್ಲಿ ಲೋಹದಲ್ಲೇ ಕರಗಿಹೋಗುತ್ತವೆ. ಯಿಟ್ರಿಯಾ ಕರಗುವುದಿಲ್ಲ.

ಇಲ್ಲಿ ಲೇಸರ್‌ನ ಪಾತ್ರ ದೊಡ್ಡದು. ಕುಲುಮೆಯಲ್ಲಿ ಕರಗಿಸಿದರೆ ಹಗುರವಾದ ಯಿಟ್ರಿಯಾ ಮೇಲೆ ತೇಲಿ ಗುಂಪುಗಟ್ಟುತ್ತದೆ. ಗುಂಪುಗಟ್ಟಿದ ಕಣವೆಂದರೆ ಮತ್ತೆ ಅಪ್ಪ ಹೇಳುವ ಮರಳಿನ ಕಾಳೇ. ಲೇಸರ್ ತಾಗಿದ ಚುಕ್ಕೆಯಾದರೋ ಕಣ್ಣೆವೆ ಮುಚ್ಚುವುದರೊಳಗೆ ಹೆಪ್ಪುಗಟ್ಟುವುದರಿಂದ ಕಣಗಳು ಹರಡಿದಲ್ಲೇ ಸೆರೆಯಾಗುತ್ತವೆ.

ಅಲ್ಯೂಮಿನಿಯಂನ ಕಷ್ಟ ಬೇರೆ. ವಿಮಾನಗಳಿಗೆ ಬಳಸುವ 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಲೇಸರ್‌ನಡಿ ಹೆಪ್ಪುಗಟ್ಟುವಾಗಲೇ ಸೀಳುತ್ತದೆ. ಉದ್ದುದ್ದ ಕಂಬಗಳಂತೆ ಬೆಳೆಯುವ ಹರಳುಗಳ ಸಂದಿಗೆ ದ್ರವ ಲೋಹ ತಲುಪದೆ ಬಿರುಕು ಬಿಡುತ್ತದೆ. ಕ್ಯಾಲಿಫೋರ್ನಿಯಾದ ಎಚ್‌ಆರ್‌ಎಲ್ ಪ್ರಯೋಗಾಲಯದವರು 2017ರಲ್ಲಿ ಜಿರ್ಕೋನಿಯಂ ನ್ಯಾನೋಕಣ ಮೆತ್ತಿದ ಪುಡಿ ಬಳಸಿ ಸಣ್ಣ ದುಂಡು ಹರಳುಗಳನ್ನು ಬೆಳೆಸಿದರು. ಬಿರುಕು ನಿಂತಿತು.

ಪ್ರಾಜೆಕ್ಟ್ ಖಂಡಿತ ಮಾಡಿ. ಆದರೆ ಮಾರ್ಗದರ್ಶಕರಿಲ್ಲದೆ ಪುಡಿಯ ಡಬ್ಬಿ ತೆರೆಯಬೇಡಿ. ನ್ಯಾನೋಪುಡಿ ಉಸಿರಿನೊಂದಿಗೆ ಶ್ವಾಸಕೋಶಕ್ಕಿಳಿಯುತ್ತದೆ. ಗಾಳಿಯಲ್ಲಿ ಎದ್ದ ಅಲ್ಯೂಮಿನಿಯಂ ಧೂಳು ಒಂದು ಕಿಡಿಗೆ ಸ್ಫೋಟಿಸಬಲ್ಲದು. ಆರ್ಗಾನ್ ತುಂಬಿದ ಮುಚ್ಚಿದ ಪೆಟ್ಟಿಗೆ ನಿಮ್ಮ ಕಾಲೇಜಿನಲ್ಲಿ ಇಲ್ಲವಾದರೆ, ಸಿದ್ಧ ಮಾದರಿಯನ್ನು ತರಿಸಿಕೊಂಡು ಸೂಕ್ಷ್ಮದರ್ಶಕದಡಿ ಹರಳುಗಳ ಅಧ್ಯಯನವನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಿ.